ಬೆಂಕಿಪೊಟ್ಟಣದ ಪರೀಕ್ಷೆ

ಒಂಬತ್ತು ಸಾವಿರ ಲಾರಿ.
ಲಾರಿಯೆಂದರೆ ಆ ದೇಶದಲ್ಲಿ ದುಡ್ಡು, ಗಾಡಿಯಲ್ಲ.
ಗಾಡಿ ಬೇರೆ: ಕಪ್ಪು ಮರ್ಸಿಡಿಸ್,
ಬ್ರೆಮೆನ್ನಿನಲ್ಲಿ ಹಡಗು ಹತ್ತಿ ಪೋತಿಯಲ್ಲಿ ಇಳಿದು
ಸುರಾಮಿಯ ಓಣಿಯಲ್ಲಿ, ಜೌರಿಯ ಆಕ್ರೋಟು ಮರದ ಕೆಳಗೆ
ಹಿಮ ಹೊದ್ದು ನಿಂತಿದೆ,
ಕೆಲಸ ಹೋದ ಮೇಲೂ ಕೋಟು ಬಿಚ್ಚದ ಅಧಿಕಾರಿಯ ಹಾಗೆ.

ಎತೆರಿ ಮುಂಗೈಯಲ್ಲಿ ಗಾಜು ಒರೆಸಿ ಇಣುಕುತ್ತಾಳೆ.
ಮೂರು ಲಕ್ಷ ಎಂಬತ್ತನಾಲ್ಕು ಸಾವಿರ ಕಿಲೋಮೀಟರು.
"ಚಂದ್ರನ ತನಕ ಹೋಗಿದೆ," ಅನ್ನುತ್ತಾನೆ ಮೆಕ್ಯಾನಿಕ್ ಒತಿಯಾ,
ಬಾನೆಟ್ಟಿನೊಳಗಿಂದ ತಲೆ ಎತ್ತದೆ,
"ವಾಪಸು ಬರುವ ಖರ್ಚು ನಿನ್ನದು."

ಗೇರುಬಾಕ್ಸಿಗೆ ಇಷ್ಟು, ಗಾಳಿಯ ಸಸ್ಪೆನ್ಷನ್ನಿಗೆ ಇಷ್ಟು,
ಹಿಂದಿನ ಕಿಟಕಿ ಇಳಿದರೆ ಮತ್ತೆ ಏರುವುದಿಲ್ಲ,
ಎಣ್ಣೆ ಎಲ್ಲಿ ಸೋರುತ್ತಿದೆಯೋ ಎಣ್ಣೆಗೇ ಗೊತ್ತು.
"ಕೊಟ್ಟ ದುಡ್ಡು ಬಾಗಿಲು ತೆಗೆಸುವುದಕ್ಕೆ ಮಾತ್ರ, ಎತೆರಿ.
ಒಳಗಿರುವವರಿಗೆ ಊಟ ಹಾಕುವುದು ಬೇರೆ ಲೆಕ್ಕ."

ಅಳಿಯ ಲಾಶಾನಿಗೆ ವ್ಯಾನು ಬೇಕು.
ಬಿಳಿಯದು, ಡೀಸೆಲ್ಲಿನದು, ಹಿಂದೆ ನಲವತ್ತು ತಟ್ಟೆ ಹಿಡಿಯುವಂಥದು.
ಸುರಂಗದ ಹೊಸ ರಸ್ತೆ ಬಂದಮೇಲೆ
ಅಂಗಡಿ ಮುಂದೆ ನಿಲ್ಲುವ ಕಾರು ಎಷ್ಟು?
ರೊಟ್ಟಿಯೇ ಕಾರು ಹುಡುಕಿಕೊಂಡು ಹೋಗುವ ಕಾಲ.
ಲಾಶಾ ಹೇಳುವುದರಲ್ಲಿ ತಪ್ಪಿಲ್ಲ.
ಲಾಶಾ ಹೇಳುವುದರಲ್ಲಿ ಯಾವತ್ತೂ ತಪ್ಪಿರುವುದಿಲ್ಲ,
ಅದೇ ಅವನ ಮೇಲಿನ ಸಿಟ್ಟು.

ಇಪ್ಪತ್ತಾರು ವರ್ಷ
ನೆಲಕ್ಕೆ ಹೂತ ಒಲೆಯೊಳಗೆ ಸೊಂಟದ ತನಕ ಬಗ್ಗಿ
ಕಾದ ಗೋಡೆಗೆ ಹಿಟ್ಟು ಬಡಿದಿದ್ದಾಳೆ:
ಲವಂಗ, ದಾಲ್ಚಿನ್ನಿ, ಒಣದ್ರಾಕ್ಷಿಯ ನಾಜೂಕಿ.
ನಾಜೂಕು ಹೆಸರಿನಲ್ಲಿ ಮಾತ್ರ.
ಎದೆ ಬೆಂದಿದೆ. ಹುಬ್ಬು ಸುಟ್ಟು, ಚಿಗುರಿ, ಮತ್ತೆ ಸುಟ್ಟಿದೆ.
ಬೆನ್ನು ಮಾತ್ರ
ಗಿರಾಕಿಗೆಂದು ತೆರೆದಿಟ್ಟ ಬಾಗಿಲ ಕಡೆಗೆ,
ಬೆಟ್ಟದ ಗಾಳಿಗೆ.

ಇಂಥ ಕಾರುಗಳ ಕಿಟಕಿ ಅವಳಿಗೆ ಗೊತ್ತು.
ನಾಲ್ಕು ಬೆರಳಷ್ಟು ಇಳಿಯುತ್ತವೆ.
ಒಂದು ಕೈ ನೋಟು ಕೊಡುತ್ತದೆ, ರೊಟ್ಟಿ ಒಳಗೆ ಹೋಗುತ್ತದೆ,
ಒಳಗಿನ ಬಿಸಿ ಒಂದು ಗುಟುಕು ಹೊರಗೆ ಬರುತ್ತದೆ.
ಅಷ್ಟೇ. ಗಾಜು ಏರುತ್ತದೆ.

ಜೌರಿ ಒಂದು ಗುಂಡಿ ಒತ್ತಿದ: "ಇದೊಂದು ಸರಿಯಾಗಿದೆ, ನೋಡು."
ಚರ್ಮದ ಸೀಟಿನೊಳಗಿಂದ, ನಿಧಾನಕ್ಕೆ,
ಕೇಳದೆಯೇ ಯಾರೋ ಅಂಗೈ ಇಟ್ಟ ಹಾಗೆ
ಸೊಂಟದಿಂದ ಹೆಗಲ ಮೂಳೆಯ ತನಕ
ಬಿಸಿ ಏರಿತು.
ಎತೆರಿ ಏನೂ ಅನ್ನಲಿಲ್ಲ.
ಚೌಕಾಸಿಗೆಂದು ರಾತ್ರಿಯೆಲ್ಲ ಜೋಡಿಸಿಕೊಂಡಿದ್ದ ಮಾತು
ಒಂದೂ ನೆನಪಾಗಲಿಲ್ಲ.
ಹತ್ತು ನಿಮಿಷ.
ಬ್ಯಾಟರಿ ಸತ್ತಿತು. ಜೌರಿ ಕೆಮ್ಮಿದ.

ಇಳಿದವಳ ಕೈಗೆ ಒತಿಯಾ ಬೆಂಕಿಪೊಟ್ಟಣ ಕೊಟ್ಟ.
"ಟೈರಿನ ನೆತ್ತಿಯ ಮೇಲೆ ನಿಲ್ಲಿಸು, ಮಡ್‌ಗಾರ್ಡಿನ ಕೆಳಗೆ.
ರಾತ್ರಿ ಗಾಳಿ ಸೋರಿದರೆ ಗಾಡಿ ಮಂಡಿಯೂರುತ್ತದೆ.
ಬೆಳಿಗ್ಗೆ ಪೊಟ್ಟಣ ಅಪ್ಪಚ್ಚಿಯಾಗಿದ್ದರೆ ಕೊಳ್ಳಬೇಡ.
ನೆಟ್ಟಗೆ ನಿಂತಿದ್ದರೆ
ಆಗಲೂ ಕೊಳ್ಳಬೇಡ,
ಆದರೆ ಆಗ ನಾನು ಬಯ್ಯುವುದಿಲ್ಲ."

ನಸುಕಿನ ನಾಲ್ಕೂವರೆ. ಹಿಟ್ಟು ನಾದಿಟ್ಟು ಬಂದಿದ್ದಾಳೆ,
ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಅಂಟಿದ ಹಿಟ್ಟು.
ಕಾರು ಎಡಕ್ಕೆ ತುಸು ವಾಲಿದೆ,
ನಿದ್ದೆಯಲ್ಲಿ ಪಕ್ಕದವರ ಕಡೆ ಹೊರಳಿದವರ ಹಾಗೆ.
ಪೊಟ್ಟಣ ಅಪ್ಪಚ್ಚಿಯಾಗಿಲ್ಲ. ನೆಟ್ಟಗೂ ಇಲ್ಲ.
ನಡು ನಜ್ಜಾಗಿದೆ.
ಅಲ್ಲಾಡಿಸಿದರೆ ಒಳಗೆ ಕಡ್ಡಿಗಳ ಸದ್ದು.

ಒಲೆ ಹೊತ್ತಿಸಿದ್ದು ಅದರಿಂದಲೇ.
ಮೊದಲ ಕಡ್ಡಿ ಮುರಿಯಿತು. ಎರಡನೆಯದು ಹತ್ತಿಕೊಂಡಿತು.
ಬಗ್ಗಿ ಮೊದಲ ರೊಟ್ಟಿ ಬಡಿಯುವಾಗ
ಎದೆ ಎಂದಿನ ಹಾಗೆ ಕಾಯುತ್ತಿತ್ತು.
ಬೆನ್ನು ಬೇರೆ ಥರ ಕಾಯುತ್ತಿತ್ತು.

ಲಾಶಾ ಹೊಸ್ತಿಲಲ್ಲಿ ಬೂಟಿನ ಹಿಮ ಕೊಡವುತ್ತ ಕೇಳಿದ,
"ಏನು ಮಾಡಿದೆ, ಕಡೆಗೆ?"

"ಬಾಗಿಲು ಹಾಕು," ಅಂದಳು ಒಲೆಯೊಳಗಿಂದ.