ಹಮಾಲನ ಮೊಮ್ಮಗ

ಮೇಜಿನ ಮೇಲೆ ಎರಡಿರಬೇಕಿತ್ತು, ಜಡೆ ಹೆಣೆದ ಹಲ್ಲಾ ರೊಟ್ಟಿ.
ಒಂದೇ ಇದೆ.
ಮುಚ್ಚಿದ ಕಸೂತಿ ಬಟ್ಟೆ ಒಂದು ಕಡೆ ಉಬ್ಬಿ
ಇನ್ನೊಂದು ಕಡೆ ಚಪ್ಪಟೆ ಬಿದ್ದಿದೆ.

ಹೈಫಾದಲ್ಲಿ ಹೊತ್ತು ಇಳಿದರೆ ಕಾರ್ಮೆಲ್ ಗುಡ್ಡದ ಕಾಡುಹಂದಿಗಳು
ಮೆಟ್ಟಿಲು ಮೆಟ್ಟಿಲಾಗಿ ಬೀದಿಗೆ ಬರುತ್ತವೆ,
ಬಾಡಿಗೆ ವಸೂಲಿಗೆ ಬಂದವರ ಹಾಗೆ
ಒಂದೊಂದು ಗೇಟಿನ ಮುಂದೂ ನಿಂತು ನಿಂತು.
ಇವತ್ತು ತಾಯಿಹಂದಿ, ಹಿಂದೆ ಪಟ್ಟೆಪಟ್ಟೆಯ ಐದು ಮರಿ.
ಎಂಟು ವರ್ಷದ ನನ್ನ ಎವ್ಯಾತಾರ್
ಬಿಸಿ ಆರದ ರೊಟ್ಟಿಯನ್ನು ಮುರಿಮುರಿದು ಎಸೆಯುತ್ತಿದ್ದ.

"ಹಂದಿಗೆ!" ಅಂದೆ. "ಶಬ್ಬಾತಿನ ರೊಟ್ಟಿ, ಹಂದಿಗೆ!"
ಮೂರನೇ ಮಹಡಿಯ ಮುದುಕಿ ಕಿಟಕಿ ತೆರೆದಳು.
ಇನ್ನೂ ಏನೇನೋ ಅಂದೆ. ಅವನ ತಾಯಿ ಕಡೆಯವರನ್ನೂ ಎಳೆದು ತಂದೆ.
ತೋಳು ಹಿಡಿದದ್ದೂ ಹೌದು,
ಬೇಕಾದ್ದಕ್ಕಿಂತ ಬಿಗಿಯಾಗಿ.

ಅವನು ಅಳಲಿಲ್ಲ. ಪಾಠ ಒಪ್ಪಿಸುವವನಂತೆ ಹೇಳಿದ:
"ನೀನು ಉಣ್ಣುವ ಮುಂಚೆ ಪ್ರಾಣಿಗೆ ಹಾಕು,
ಹಿರಿಯರ ಮಾತಂತೆ. ಟೀಚರ್ ಹೇಳಿದರು.
ಯಾವ ಪ್ರಾಣಿ ಅಂತ ಹೇಳಲಿಲ್ಲ."

ಸಾಕಿದ ಪ್ರಾಣಿ ಕಣೋ, ಅಂತ ತಿದ್ದಬಹುದಿತ್ತು.
ಬಾಯಿ ಬರಲಿಲ್ಲ.

ಹಗಿತ್ ದೀಪ ಹಚ್ಚಿದಳು, ಅಂಗೈಯಲ್ಲಿ ಕಣ್ಣು ಮುಚ್ಚಿ
ಎಂದಿಗಿಂತ ಹೆಚ್ಚು ಹೊತ್ತು ನಿಂತಳು.
ಆಮೇಲೆ ನನ್ನ ಸರದಿ. ಮಗನ ತಲೆಯ ಮೇಲೆ ಎರಡೂ ಕೈಯಿಟ್ಟು
ನನ್ನಪ್ಪ ನನಗೆ, ಅವನಪ್ಪ ಅವನಿಗೆ
ಪ್ರತಿ ಶುಕ್ರವಾರ ಹೇಳಿದ ಆ ನಾಲ್ಕು ಮಾತು.
ಅವನು ತಲೆ ತಪ್ಪಿಸಿಕೊಂಡ.
ಕೈಗಳು ಗಾಳಿಯಲ್ಲೇ ಉಳಿದವು,
ಇಳಿಸಲು ಜಾಗ ಸಿಗದ ಹೊರೆಯಂತೆ.

ಹೊರೆ ಅಂದರೆ ಪೆಪೊ ತಾತ.
ಸಲೋನಿಕದ ರೇವು ಬಿಟ್ಟು ಈ ರೇವಿಗೆ ಬಂದು
ಮೂವತ್ತು ವರ್ಷ ಹಮಾಲಿ ಮಾಡಿದವನು:
ಸಿಮೆಂಟ್ ಮೂಟೆ, ಕಿತ್ತಳೆ ಪೆಟ್ಟಿಗೆ, ಒಮ್ಮೆ ಯಾರದೋ ಪಿಯಾನೊ.
ಹೀಬ್ರೂವಿನಲ್ಲಿ ತಾಳ್ಮೆಗೂ ಹಮಾಲನಿಗೂ ಒಂದೇ ಬೇರು,
ಸವ್ಲಾನುತ್, ಸಬ್ಬಾಲ್.
"ತಾಳ್ಮೆ ಅಂದರೆ ಸುಮ್ಮನಿರುವುದಲ್ಲವೋ, ಹೊರುವುದು," ಅನ್ನುತ್ತಿದ್ದ
(ಅವನ ಒಂದು ಭುಜ ಕೊನೆಯವರೆಗೂ ತಗ್ಗೇ ಇತ್ತು).
"ಮೊದಲು ಮಂಡಿಯೂರು.
ಭಾರ ತಿಳಿಯದೆ ಎತ್ತಿದವನ ಸೊಂಟ ಹೋಗುತ್ತದೆ."

ಮಂಡಿಯೂರಿದೆ. ನೆಲ ತಣ್ಣಗಿತ್ತು.
"ಕೂಗಿದ್ದು ತಪ್ಪು," ಅಂದೆ. "ತೋಳು ಹಿಡಿದದ್ದು ಇನ್ನೂ ತಪ್ಪು."
'ಆದರೆ' ಅನ್ನುವ ಪದ ನಾಲಿಗೆಯ ತುದಿಗೆ ಬಂದಿತ್ತು.
ನುಂಗಿದೆ. ಅದಕ್ಕೂ ಒಂದು ರುಚಿಯಿದೆ, ಕಬ್ಬಿಣದ್ದು.
ಅವನು ಯೋಚಿಸಿದ, ಅವಸರವಿಲ್ಲದ ನ್ಯಾಯಾಧೀಶ.
"ಕೈ ಇವತ್ತು ಬೇಡ," ಅಂದ.

ಇದ್ದ ಒಂದೇ ರೊಟ್ಟಿಯನ್ನು ಮೂವರೂ ಉಂಡೆವು.
ರಾತ್ರಿ ಅವನ ಬಾಗಿಲಲ್ಲಿ ನಿಂತೆ. ಗಾಢ ನಿದ್ದೆ.
ಈಗ ಕೈಯಿಟ್ಟರೆ ಯಾರಿಗೆ ಗೊತ್ತಾಗುತ್ತದೆ?
ಇಡಲಿಲ್ಲ.
ಬೇಡ ಅಂದವನಿಗೆ, ಅವನು ಮಲಗಿದಾಗ ಕೊಟ್ಟರೆ
ಆಶೀರ್ವಾದವೂ ಕಳ್ಳತನವೇ.

ಬೆಳಿಗ್ಗೆ ತಾನಾಗಿಯೇ ಬಂದ, ತಲೆ ಬಗ್ಗಿಸಿಕೊಂಡು:
"ಅಪ್ಪಾ, ಏನೋ ಅಂಟಿದೆ ನೋಡು."
ಚೂಯಿಂಗ್ ಗಮ್, ನೆತ್ತಿಗೆ ಹತ್ತಿರ, ಸುರುಳಿ ಕೂದಲ ಬುಡದಲ್ಲಿ.
ಶಬ್ಬಾತಿನ ದಿನ ಕತ್ತರಿ ಮುಟ್ಟುವಂತಿಲ್ಲ,
ಕೂದಲು ಕೀಳುವಂತಿಲ್ಲ.
ಬಟ್ಟಲಲ್ಲಿ ಆಲಿವ್ ಎಣ್ಣೆ ತಂದೆ. ಬಾಲ್ಕನಿಯಲ್ಲಿ ಕೂತೆವು,
ಅವನು ಕೆಳಗೆ, ನಾನು ಮೇಲೆ,
ಎಣ್ಣೆಯಲ್ಲಿ ಅದ್ದಿದ ಬೆರಳು, ಒಂದು ಎಳೆ, ಇನ್ನೊಂದು ಎಳೆ.
ದೂರದಲ್ಲಿ ಸಮುದ್ರ, ಕೆಲಸವಿಲ್ಲದೆ ನಿಂತ ಕ್ರೇನುಗಳು.

ಮುಕ್ಕಾಲು ಗಂಟೆ ನನ್ನ ಎರಡೂ ಕೈ ಅವನ ತಲೆಯಲ್ಲಿ.
ಆ ನಾಲ್ಕು ಮಾತು ಹೇಳಿದೆನೋ ಇಲ್ಲವೋ, ನೆನಪಿಲ್ಲ.
"ನೋಯುತ್ತಾ?" ಅಂತ ಕೇಳಿದ್ದು ನೆನಪಿದೆ.
"ಸ್ವಲ್ಪ," ಅಂದ. "ನಿಧಾನ ಮಾಡು."
ಕೆಳಗೆ ಗೇಟಿನ ಹತ್ತಿರ ಯಾವುದೋ ಮರಿ ಗುರುಗುಟ್ಟಿತು.
ಇಬ್ಬರೂ ಕೇಳಿಸಿಕೊಂಡೆವು.