ಸೊನ್ನೆ ನೋಡಿ ತೂಗು

ಬೈತಖೋಲದ ಹರಾಜು ಕಟ್ಟೆಯಲ್ಲಿ
ಶೆವಂತಿ ಹರಿಕಂತ್ರ ಫೋನನ್ನು ನನ್ನ ಮೂಗಿಗೇ ಹಿಡಿದಳು:
"ನೋಡು ನಿನ್ನ ಪುಟ. ಬರೀ ಬಿಳಿ."
ಬಂಗುಡೆಯಿಲ್ಲ, ದರವಿಲ್ಲ,
ಒಳಗೆಲ್ಲೋ ಕೆಂಪಕ್ಷರದ ಗೊಣಗು:
ಪ್ರೊಸೆಸ್ ಅಂತೆ, ಯಾರದು? ನಾ ಕಂಡಿಲ್ಲ.

ತಪ್ಪು ನನ್ನದೇ.
ಸರ್ವರಿನ ಕತ್ತಲಲ್ಲಿ ವರ್ಷಗಟ್ಟಲೆ ನನ್ನ ಕಾದ ಅಸರ್ಟು,
ತೂಕ ಸೊನ್ನೆಗಿಂತ ಹೆಚ್ಚಿರಲೇಬೇಕು,
ಇಲ್ಲವೋ, ನಿಲ್ಲು ಅಲ್ಲೇ, ಅನ್ನುವಂಥದ್ದು,
ಎತ್ತಿ ತಂದು ಬ್ರೌಸರಿಗೆ ಬಿಟ್ಟಿದ್ದೆ,
ಕಾಳಿಯ ಸಿಹಿನೀರ ಮೀನನ್ನು
ಕೋಡಿಬಾಗದಾಚೆ ಉಪ್ಪಿಗೆ ಬಿಟ್ಟ ಹಾಗೆ.

ಹೊಂದಿಸಲು ಹೋದೆ. ಒಂದು ಸಾಲಿನ ಬೆನ್ನಿಗೆ
ಬಫರು, ಯುಟಿಲ್ಲು, ಅವುಗಳ ನೆಂಟರಿಷ್ಟರು
ಗಂಟುಮೂಟೆ ಸಮೇತ ಇಳಿದರು.
ಎರಡು ಕಡ್ಡಿ ನೆಟ್‌ವರ್ಕಿನಲ್ಲಿ ಪುಟ ತೆರೆಯುವಷ್ಟರಲ್ಲಿ
ಹರಾಜೇ ಮುಗಿದಿತ್ತು.

ಶೆವಂತಿ ತಕ್ಕಡಿ ಎತ್ತಿದಳು.
ಮೀನು ಸುರಿಯುವ ಮೊದಲು ಖಾಲಿ ತಟ್ಟೆಗಳನ್ನು
ಕಣ್ಣಳತೆಗೆ ತಂದು, ಮುಳ್ಳು ನಿಲ್ಲುವ ತನಕ ಕಾದಳು.
ನಿಲ್ಲದಿದ್ದರೆ? ಅಂದೆ.
"ಬಾಯಿದೆಯಲ್ಲ, ಹೇಳ್ತೆ."

ಐಸು ಪೆಟ್ಟಿಗೆಯ ಮೇಲೆ ಕೂತು
ಮೂರೇ ಸಾಲು ಬರೆದೆ, ಯಾರ ಹಂಗೂ ಇಲ್ಲದ್ದು:
ಸುಳ್ಳಾದರೆ
ಕೂಗು.

ಎಂಟರ್ ಕೀಲಿಯಡಿ ಹೊಕ್ಕ ಹುರುಪೆಯೊಂದು
ಇನ್ನೂ ಹೊರಗೆ ಬಂದಿಲ್ಲ.