ಸರೇಸು ಬ್ಯಾಡ

ದರಬಾರ ಗಲ್ಲಿಯ ನನ್ನ ಅಂಗಡಿಗೆ
ಜಿನಮತಿ ಚೌಗಲೆ ಬಂದದ್ದು ಮಳೆ ನಿಂತ ಮೇಲೆ,
ಅಂಗೈ ಅಗಲದ ಪುಸ್ತಕವೊಂದನ್ನು
ಗುಳೇದಗುಡ್ಡದ ಹಳೇ ಖಣದಲ್ಲಿ ಸುತ್ತಿಕೊಂಡು.
ಕೂಡುವ ಮೊದಲೇ ಹೇಳಿದರು:
"ಸರೇಸು ಬ್ಯಾಡ್ರಿ. ಗೋಂದ ಹಚ್ಚರಿ."

ಗೊತ್ತಿತ್ತು ನನಗೆ.
ಸರೇಸೆಂದರೆ ಚರ್ಮ, ಗೊರಸು, ಎಲುಬು ಕುದಿಸಿದ್ದು.
ನಮ್ಮಜ್ಜ ದಸ್ತಗೀರಸಾಬ ಇಂಥವರಿಗೆಂದೇ
ಬೇರೆ ಗಡಿಗೆ ಇಟ್ಟಿದ್ದ, ಜಾಲಿ ಅಂಟಿಗೆ ಮಾತ್ರ.
ಗಡಿಗೆ ಇನ್ನೂ ಇದೆ. ಬಾಯಿ ಒಡೆದಿದೆ.

ಕಲ್ಲಚ್ಚಿನ ಸ್ತೋತ್ರದ ಪುಸ್ತಕ.
ಮೊದಲ ಹಾಳೆಯಲ್ಲಿ ದೇವರಿಗೂ ಮುಂಚೆ ಒಂದು ತಪ್ಪೊಪ್ಪಿಗೆ:
'ಅಚ್ಚಿಗೆ ಹಾಕಿದ ದೋಷ ಹಾಕಿಸಿದವನದು,
ಓದುವವರಿಗೆ ತಟ್ಟದಿರಲಿ.'
ಹೆಸರಿಲ್ಲ. ಕೆಳಗೆ ಶಹಾಪುರ ಅಂತಷ್ಟೇ ಇದೆ.
ಕಲ್ಲಿನ ಮಸಿಯಲ್ಲಿ ಕೊಬ್ಬಿರುತ್ತದೆಂದು
ಅರ್ಧ ಓಣಿ ಇದನ್ನು ಮುಟ್ಟಲಿಲ್ಲವಂತೆ.
ಉಳಿದರ್ಧ ಮುಟ್ಟಿ, ಕೈ ತೊಳೆದುಕೊಂಡು ಓದಿತಂತೆ.

ಗೆರೆಯಷ್ಟೇ ಅಚ್ಚು. ಬಣ್ಣ ಕೈಯದು.
ಇಪ್ಪತ್ನಾಲ್ಕು ತೀರ್ಥಂಕರರು, ಎಲ್ಲರಿಗೂ ಅದೇ ಮುಖ,
ಪೀಠದ ಲಾಂಛನ ನೋಡಿ ಗುರುತು ಹಿಡಿಯಬೇಕು:
ಎತ್ತು, ಆನೆ, ಕುದುರೆ, ಕೋತಿ…
ಬಣ್ಣ ತುಂಬಿದಾಕೆ ಅಕ್ಕುಬಾಯಿ,
ಇವರ ಮುತ್ತಜ್ಜಿಯ ನಾದಿನಿ.
ಪುಸ್ತಕ ಮುನ್ನೂರು, ಒಂದೊಂದರಲ್ಲಿ ಇಪ್ಪತ್ನಾಲ್ಕು;
ಲೆಕ್ಕ ನೀವೇ ಮಾಡಿ.
ಕುಂಚಕ್ಕೆ ಕೂದಲು ಒಲ್ಲೆನೆಂದು
ಈಚಲ ಕಡ್ಡಿಯ ತುದಿ ಜಜ್ಜಿಕೊಂಡಳು.
ಅರಗಿನ ಕೆಂಪು ಹುಳದ್ದು, ಅದೂ ಬೇಡ,
ಹೊಲದ ಕೆಮ್ಮಣ್ಣು ನೆನೆಸಿ ಮೂರು ಸಲ ಸೋಸಿದಳು.
ದೀಪಕ್ಕೆ ಹುಳ ಬೀಳುತ್ತವೆಂದು
ಹೊತ್ತು ಮುಳುಗುವ ಮೊದಲೇ ಕಡ್ಡಿ ತೊಳೆದಿಟ್ಟಳು.
ನೀಲಿಗೆ ಅರಿಸಿನ ಕೂಡಿಸಿ ಪಾರ್ಶ್ವನಾಥರ ಹಸಿರು.
ಬಿಳಿಯವರಿಗೆ ಏನೂ ಹಚ್ಚಲಿಲ್ಲ,
ಬರೀ ಕಾಗದವೇ ಚಂದ್ರಪ್ರಭ.
ಬಂಗಾರದ ಮೈಯವರು ಹದಿನಾರು ಜನ;
ಅವರಿಗೆ ಅಡಿಗೆಮನೆಯ ಅರಿಸಿನ.

ಅರಿಸಿನ ಬೆಳಕಿಗೆ ನಿಲ್ಲುವುದಿಲ್ಲ.

ಹೊಲಿಗೆ ಬಿಚ್ಚಿ ಹಾಳೆಗಳನ್ನು ಹರಡಿದಾಗ ಕಂಡದ್ದು ಇದು:
ವಿಮಲನಾಥರು ನಿನ್ನೆ ಅರೆದಷ್ಟು ಹಳದಿ.
ಯಾರೂ ಆ ಹಾಳೆ ತೆರೆದಿರಲಿಲ್ಲ.
ಅನಂತನಾಥರು ಹಾಗೇ, ಧರ್ಮನಾಥರು ಹಾಗೇ.
ಹದಿನಾರನೆಯ ಹಾಳೆಯಲ್ಲಿ ಮಾತ್ರ
ಮೈಯೆಲ್ಲ ಹಾರಿಹೋಗಿ ಕೂತ ಗೆರೆಯೊಂದೇ ಉಳಿದು,
ಪೀಠದಲ್ಲಿ ಕೆಮ್ಮಣ್ಣಿನ ಜಿಂಕೆ,
ಅಂಚಿನಲ್ಲಿ ಹೆಬ್ಬೆರಳಿನ ಎಣ್ಣೆ.
ವರ್ಷಗಟ್ಟಲೆ ಯಾರೋ ಬೆಳಗಿನ ಬಿಸಿಲಿಗೆ
ಇದೊಂದೇ ಪುಟ ತೆರೆದು ಕೂತಿದ್ದಾರೆ.

"ಶಾಂತಿನಾಥರು," ಅಂದೆ ಜಿಂಕೆ ತೋರಿಸಿ.
ಜಿನಮತಿ ಬಾಯಿಗೆ ಸೆರಗು ಹಿಡಿದು ನಕ್ಕರು:
"ನಮ್ಮತ್ತೀ ಕೈಯಾಗಿನ ಪುಸ್ತಕ ಇದು!
ಓಣಿ ತುಂಬ ಜಗಳ ಹೊತ್ತಾಕಿ,
ನೀರಿನ ಸರತಿಗೆ ಕೊಡ ಎತ್ತಿ ಒಗದಾಕಿ…
ಶಾಂತಿನಾಥರೇನ್ರಿ?"
ನಗು ಇನ್ನೂ ಮುಗಿದಿರಲಿಲ್ಲ,
ಹಾಳೆಯನ್ನು ಹತ್ತಿರ ಎಳೆದುಕೊಂಡು
ತಮ್ಮ ಹೆಬ್ಬೆರಳನ್ನು ಆ ಕಲೆಯ ಮೇಲಿಟ್ಟರು.
ಕಲೆ ದೊಡ್ಡದಿತ್ತು.

"ಬಣ್ಣ ತುಂಬಿಸಿಕೊಡೋರು ಇದ್ದಾರೆ," ಅಂದೆ.
ಕೇಳಿಸಿತೋ ಇಲ್ಲವೋ,
ಖಣ ಜಾಡಿಸಿ ಮಡಚಿ ಮುಂದಿಟ್ಟರು:
"ರಟ್ಟಿಗೆ ಇದನ್ನೇ ಹಚ್ಚರಿ. ಚರ್ಮ ಬ್ಯಾಡ."
ಮತ್ತೆ ಛತ್ರಿ ಮರೆತು ಹೋದರು.

ಸಂಜೆ ಜಾಲಿ ಅಂಟು ನೆನೆಹಾಕಿ
ಬೆನ್ನಿನ ಹಳೇ ದಾರ ಕೀಳುತ್ತಿದ್ದೆ.
ಒಳಗಿಂದ ಬೆಳ್ಳಿಹುಳವೊಂದು ಹೊರಬಿತ್ತು,
ಮೂರು ತಲೆಮಾರು ಸ್ತೋತ್ರ ತಿಂದು ಬೆಳೆದ ವಂಶ.
ಬೇರೆಯವರ ಪುಸ್ತಕವಾಗಿದ್ದರೆ ಒಂದು ಹೆಬ್ಬೆರಳು ಸಾಕಿತ್ತು.
ಚೀಟಿಯೊಂದರ ಮೇಲೆ ಹತ್ತಿಸಿಕೊಂಡು
ಕಿಟಕಿಗೆ ಹೋಗಿ ನಿಂತೆ.
ಅದು ಇಳಿಯಲೊಲ್ಲದು.
ಎದುರಿನ ಅಂಗಡಿಯ ಶಟರು ಎಳೆದಾಯಿತು,
ಗಲ್ಲಿಯ ದೀಪ ಹತ್ತಿತು,
ನಾನಿನ್ನೂ ಕೈ ಚಾಚಿಕೊಂಡೇ ನಿಂತಿದ್ದೇನೆ.